ಕದ ಮುಚ್ಚಿದ ಕೋಣೆಯಲ್ಲಿ ನಾಲ್ವರು

ಕಂಪ್ಯೂಟರಿನಲ್ಲಿ ಹಾಡು ಮುದ್ರಿಸುವ ತಂತ್ರಾಂಶ ತೆರೆದರೆ ಪರದೆಯ ಮೂಲೆಯಲ್ಲಿ ಹೆಚ್ಚಾಗಿ ಕಾಣುವ ಅಂಕಿ 120. ನಿಮಿಷಕ್ಕೆ ನೂರಿಪ್ಪತ್ತು ಬಡಿತ. ಹಾಡು ಯಾವುದು, ಹಾಡುವವರು ಯಾರು, ಸಂತೋಷದ್ದೋ ಸಂಕಟದ್ದೋ ಒಂದೂ ತಿಳಿಯುವ ಮೊದಲೇ ಯಂತ್ರ ಆ ಲಯ ಹಿಡಿದು ಕಾಯುತ್ತಿರುತ್ತದೆ. ಬೇರೆ ಬೇರೆ ಕಂಪನಿಗಳ ವಿದ್ಯುನ್ಮಾನ ವಾದ್ಯಗಳು ಒಂದಕ್ಕೊಂದು ಮಾತಾಡಲೆಂದು 1983ರಲ್ಲಿ ‘ಮಿಡಿ’ ಎಂಬ ಸಮಾನ ಭಾಷೆ ಬಂತು. ಅದರ ಕಡತಗಳ ನಿಯಮವೂ ಹೀಗೇ: ಲಯ ಎಷ್ಟೆಂದು ಯಾರೂ ಹೇಳದೆ ಹೋದರೆ 120 ಎಂದು ತಿಳಿಯಬೇಕು.

ಪರೇಡ್ ಮೈದಾನದ ಅಂಕಿಯೂ ಇದೇ. ಕವಾಯತು ಕಲಿಸುವ ಉಸ್ತಾದ್ ‘ತೇಜ್ ಚಲ್’ ಎಂದು ಕೂಗಿದರೆ ನಿಮಿಷಕ್ಕೆ 120 ಹೆಜ್ಜೆ. ಬ್ರಿಟಿಷರ ಕಾಲಾಳು ಪಡೆಯ ಲೆಕ್ಕ ನಮ್ಮ ಸೇನೆಗೂ ಬಂದು ಉಳಿದಿದೆ. ಎರಡು ಕಡೆಯ ಅಂಕಿ ಒಂದೇ ಆಗಿರುವುದು ಕಾಕತಾಳೀಯ ಇರಬಹುದು. ಆದರೂ ನನ್ನ ಮನಸ್ಸು ಆ ಅಂಕಿಯ ಮುಂದೆ ನಿಂತುಬಿಟ್ಟಿದೆ.

ರಜೆಗೆ ಊರಿಗೆ ಬಂದ ಯೋಧನೊಬ್ಬನನ್ನು ಊಹಿಸಿಕೊಳ್ಳುತ್ತೇನೆ. ಹಾಸನದ ಕಡೆಯ ಒಂದು ಹಳ್ಳಿ ಅನ್ನಿ. ಮಂಚದ ಕೆಳಗೆ ಹೆಸರು, ನಂಬರು ಬರೆದ ಕಪ್ಪು ಟ್ರಂಕು. ಸದ್ದು ಗೋಡೆಗೆ ಬಡಿದು ವಾಪಸು ಬರಬಾರದೆಂದು ಗೋಡೆಗೆಲ್ಲ ಕಂಬಳಿ ಇಳಿಬಿಟ್ಟಿದ್ದಾನೆ. ಮೈಕು ಫ್ಯಾನಿನ ಗಾಳಿಯನ್ನೂ ಹಿಡಿಯುತ್ತದಾದ್ದರಿಂದ ಫ್ಯಾನು ಆರಿಸಿ ಬೆವರುತ್ತಾ ಕೂತಿದ್ದಾನೆ. ಎದುರಿಗೆ ಹಳೆಯ ಲ್ಯಾಪ್‌ಟಾಪು, ತೊಡೆಯ ಮೇಲೆ ಯಾರಿಂದಲೋ ಕೊಂಡ ಗಿಟಾರು. ಬರೆದಿರುವುದು ರಾಕ್ ಹಾಡು. ಪದ ಅವನದೇ, ರಾಗ ಅವನದೇ. ರಾಕ್ ಹಾಡಿಗೆ ನಾಲ್ಕು ಜನ ಬೇಕು, ಇರುವುದು ಇವನೊಬ್ಬ. ಹಾಗಾಗಿ ಗಿಟಾರಿಗೂ ಅವನೇ, ಬೇಸಿಗೂ ಅವನೇ, ಡ್ರಮ್ಮಿಗೂ ಅವನೇ, ಕೊನೆಗೆ ಹಾಡುವುದಕ್ಕೂ ಅವನೇ. ಕದ ಮುಚ್ಚಿದೆ. ಪರದೆಯ ಮೂಲೆಯಲ್ಲಿ 120 ಎಂದಿದೆ.

ಈ ಕೋಣೆಯೊಳಗೆ ನಡೆಯುತ್ತಿರುವುದೇನು?

ಇದಕ್ಕೆ ಈಗ ಎಲ್ಲರ ನಾಲಗೆಯ ತುದಿಯಲ್ಲೂ ಒಂದು ಉತ್ತರ ಸಿದ್ಧವಿದೆ. ಹಾಡು ಮದ್ದು, ಯುದ್ಧದ ಗಾಯ ಅದರಿಂದ ಮಾಯುತ್ತದೆ ಎಂಬುದು ಆ ಉತ್ತರ. ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ. ಯುದ್ಧದಿಂದ ಬಂದವರ ಒಳಗೆ ಉಳಿಯುವ ಕಂಪನಕ್ಕೆ ಅಮೆರಿಕದ ಮನೋವೈದ್ಯರು 1980ರಲ್ಲಿ ತಮ್ಮ ಅಧಿಕೃತ ಕೈಪಿಡಿಯಲ್ಲಿ ಹೆಸರು ಕೊಟ್ಟರು. 2012ರಲ್ಲಿ ಡಾರ್ಡನ್ ಸ್ಮಿತ್ ಎಂಬ ಗೀತಕಾರ ಅಲ್ಲಿಯೇ ‘ಸಾಂಗ್‌ರೈಟಿಂಗ್ ವಿತ್ ಸೋಲ್ಜರ್ಸ್’ ಎಂಬ ಕೆಲಸಕ್ಕೆ ಕೈಹಾಕಿದರು. ಪಳಗಿದ ಗೀತಕಾರರು ಸೈನಿಕರ ಜೊತೆ ಕೂತು, ಅವರ ಮಾತು ಕೇಳಿ, ಅದನ್ನು ಹಾಡಾಗಿ ಕಟ್ಟುತ್ತಾರೆ. ಮೇರಿ ಗಾಷೆ ಎಂಬ ಗಾಯಕಿ ಹಾಗೆ ಸೈನಿಕರೊಂದಿಗೆ ಬರೆದ ಹಾಡುಗಳದೇ ಒಂದು ಆಲ್ಬಮ್ 2018ರಲ್ಲಿ ಬಂತು. ಒಳ್ಳೆಯ ಕೆಲಸ, ದೊಡ್ಡ ಮನಸ್ಸಿನ ಕೆಲಸ. ಆದರೆ ಮದ್ದು ಎಂದ ಕೂಡಲೇ ಹಾಡುವವನು ರೋಗಿಯಾಗಿಬಿಡುತ್ತಾನೆ. ಮದ್ದು ಹತ್ತಿತೋ ಇಲ್ಲವೋ, ನಿದ್ದೆ ಬಂತೋ ಇಲ್ಲವೋ ಎಂಬ ಲೆಕ್ಕ ಶುರುವಾಗುತ್ತದೆ. ಆ ಲೆಕ್ಕದಲ್ಲಿ ಹಾಡು ಏನು ಹೇಳುತ್ತಿದೆ ಎಂದು ಕೇಳುವವರು ಇರುವುದಿಲ್ಲ. ನನ್ನ ಪ್ರಶ್ನೆ ಇದಕ್ಕಿಂತ ಚಿಕ್ಕದು. ಅವನು ಒಬ್ಬನೇ ಯಾಕೆ?

ಸೈನಿಕನ ಬದುಕಿನಲ್ಲಿ ಒಂಟಿತನ ಬೇಕಾದಷ್ಟಿದೆ, ಏಕಾಂತ ಇಲ್ಲ. ಏಳುವುದು ಕಹಳೆಗೆ, ಉಣ್ಣುವುದು ಪಂಕ್ತಿಯಲ್ಲಿ, ಮಲಗುವುದು ಸಾಲು ಮಂಚದಲ್ಲಿ. ಕಾವಲಿಗೆ ಒಬ್ಬನೇ ನಿಂತಾಗಲೂ ಅವನ ಕಿವಿ ಬೇರೆಯವರ ಪರವಾಗಿ ತೆರೆದಿರುತ್ತದೆ. ಮಾತಿಗೂ ಅಪ್ಪಣೆ, ಮೌನಕ್ಕೂ ಅಪ್ಪಣೆ.

ಹಾಗೆಂದು ಹೆಜ್ಜೆ ಕೂಡಿಸುವುದರಲ್ಲಿ ಸುಖವಿಲ್ಲ ಎಂದಲ್ಲ. ಕೋಲಾಟ ಆಡಿದವರಿಗೆ, ಡೊಳ್ಳು ಕುಣಿದವರಿಗೆ, ನಾಟಿ ಗದ್ದೆಯಲ್ಲಿ ಸೋಬಾನೆ ಹೇಳುತ್ತಾ ಬಾಗಿದವರಿಗೆ ಅದು ಗೊತ್ತು. ಅಮೆರಿಕದ ಇತಿಹಾಸಕಾರ ವಿಲಿಯಂ ಮ್ಯಾಕ್‌ನೀಲ್ 1941ರಲ್ಲಿ ಸೇನೆಗೆ ಕಡ್ಡಾಯವಾಗಿ ಸೇರಿ, ಟೆಕ್ಸಾಸ್‌ನಲ್ಲಿ ಗಂಟೆಗಟ್ಟಲೆ ಕವಾಯತು ಮಾಡಿದವರು. ಆಧುನಿಕ ಯುದ್ಧಕ್ಕೂ ಆ ಕಾಲೆತ್ತುವಿಕೆಗೂ ಏನೂ ಸಂಬಂಧವಿಲ್ಲವೆಂದು ಬುದ್ಧಿ ಹೇಳುತ್ತಿದ್ದರೂ ಮೈಗೆ ಅದು ಹಿತವಾಗಿತ್ತು. ತಾನು ಹಿಗ್ಗಿದ ಹಾಗೆ, ತನ್ನ ಅಂಚು ತನ್ನ ಚರ್ಮದಲ್ಲಿ ಮುಗಿಯದೆ ಪಕ್ಕದವನವರೆಗೂ ಹರಿದ ಹಾಗೆ. ಆ ಹಿತವೇನೆಂದು ಅರ್ಥಮಾಡಿಕೊಳ್ಳಲು ಅವರಿಗೆ ಅರ್ಧ ಶತಮಾನ ಹಿಡಿಯಿತು. 1995ರಲ್ಲಿ ‘ಕೀಪಿಂಗ್ ಟುಗೆದರ್ ಇನ್ ಟೈಮ್’ ಎಂಬ ಪುಸ್ತಕದಲ್ಲಿ, ಒಟ್ಟಿಗೆ ಕುಣಿದ ಮೈಗಳೂ ಒಟ್ಟಿಗೆ ಹೆಜ್ಜೆ ಹಾಕಿದ ಮೈಗಳೂ ತಮ್ಮೊಳಗೆ ಬೆಳೆಸಿಕೊಳ್ಳುವ ನಂಟಿನ ಕತೆಯನ್ನು ಬರೆದರು. ಜನ ಒಬ್ಬರಿಗಾಗಿ ಒಬ್ಬರು ಪ್ರಾಣ ಕೊಡುವಷ್ಟು ಗಟ್ಟಿಯಾದ ನಂಟು ಅದು.

ಆದರೆ ಎಲ್ಲ ನೆಲವೂ ಆ ಹೆಜ್ಜೆಯನ್ನು ತಾಳುವುದಿಲ್ಲ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ, ಬ್ರಾಟನ್ ಎಂಬಲ್ಲಿ ಇರ್ವೆಲ್ ನದಿಯ ಮೇಲೆ ಒಂದು ತೂಗುಸೇತುವೆ ಇತ್ತು. 1831ರ ಏಪ್ರಿಲ್ 12ರಂದು ಕವಾಯತು ಮುಗಿಸಿ ಮರಳುತ್ತಿದ್ದ 74 ಸೈನಿಕರು ಸಾಲುಗಟ್ಟಿ ಅದನ್ನು ಹತ್ತಿದರು. ಹೆಜ್ಜೆಗೆ ತಕ್ಕ ಹಾಗೆ ಸೇತುವೆ ತೂಗತೊಡಗಿತು. ಹುಡುಗರಿಗೆ ಅದು ಖುಷಿ ಕೊಟ್ಟಿತು. ಕೆಲವರು ಮೆರವಣಿಗೆಯ ಧಾಟಿಯೊಂದನ್ನು ಸಿಳ್ಳೆ ಹಾಕುತ್ತಾ ಕಾಲನ್ನು ಇನ್ನೂ ಜೋರಾಗಿ ಊರಿದರು. ಸೇತುವೆಯ ಒಂದು ಮೂಲೆ ಕಳಚಿ ಸುಮಾರು 40 ಮಂದಿ ನದಿಗೆ ಬಿದ್ದರು. ನೀರು ಆಳವಿರಲಿಲ್ಲ, ಜೀವ ಉಳಿಯಿತು. ಒಂದು ಬೋಲ್ಟು ಮೊದಲೇ ಕೆಟ್ಟಿತ್ತೆಂಬುದು ಆಮೇಲೆ ಗೊತ್ತಾಯಿತು. ಅಂದಿನಿಂದ ಬ್ರಿಟಿಷ್ ಸೇನೆಯಲ್ಲಿ ಒಂದು ಆಜ್ಞೆ ನಡೆದುಬಂದಿದೆ: ಸೇತುವೆ ಬಂದರೆ ಹೆಜ್ಜೆ ಮುರಿಯಿರಿ. ಪ್ರತಿಯೊಬ್ಬನೂ ತನ್ನ ತನ್ನ ನಡಿಗೆಯಲ್ಲಿ ದಾಟಲಿ.

ಹೆಜ್ಜೆ ಕಲಿಸುವ ಸೇನೆಯೇ ಹೆಜ್ಜೆ ಮುರಿಯುವ ಆಜ್ಞೆಯನ್ನೂ ಬರೆದುಕೊಂಡಿದೆ ಎಂಬುದು ನನಗೆ ತುಂಬಾ ಮುಖ್ಯವಾಗಿ ಕಾಣುತ್ತದೆ. ಗಡಿಯಿಂದ ಮನೆಗೆ ಬರುವ ದಾರಿ ಎರಡು ದಿನದ ರೈಲು, ಅರ್ಧ ದಿನದ ಬಸ್ಸು. ಆ ದಾರಿಯಲ್ಲಿ ಸೇತುವೆ ಬಂತೆಂದು ಕೂಗಿ ಹೇಳುವವರು ಯಾರೂ ಇಲ್ಲ. ಮನೆಯವರು ನಿಧಾನವಾಗಿ ಏಳುತ್ತಾರೆ, ಅರ್ಧಕ್ಕೇ ಬಿಟ್ಟ ಮಾತನ್ನು ಸಂಜೆ ಮುಂದುವರಿಸುತ್ತಾರೆ, ಹೊರಡುತ್ತೇವೆಂದು ಹೇಳಿ ಬಾಗಿಲಲ್ಲಿ ಅರ್ಧ ಗಂಟೆ ನಿಲ್ಲುತ್ತಾರೆ. ಇವನು ನಾಲ್ಕಕ್ಕೇ ಎದ್ದು ಹಾಸಿಗೆ ಮಡಿಚಿಟ್ಟು ಕೂತಿರುತ್ತಾನೆ. ಮನೆಯೆಂಬ ತೂಗುಸೇತುವೆ ಅವನ ಹೆಜ್ಜೆಗೆ ನಡುಗುತ್ತದೆ, ಅದು ಅವನಿಗೂ ತಿಳಿಯುತ್ತದೆ. ಆಗ ಅವನು ಕೋಣೆ ಸೇರಿ ಕದ ಹಾಕಿಕೊಳ್ಳುತ್ತಾನೆ. ಸಿಟ್ಟಿಗೋ ಬೇಸರಕ್ಕೋ ಎಂದು ಮನೆಯವರು ಅಂದುಕೊಳ್ಳಬಹುದು. ಅವರ ನೆಲ ಕುಸಿಯದಿರಲಿ ಎಂಬ ಕಾಳಜಿಯೂ ಅದರಲ್ಲಿ ಇದೆಯೆಂದು ನನಗೆ ಅನ್ನಿಸುತ್ತದೆ.

ರಾಕ್ ಸಂಗೀತವೇ ಯಾಕೆ ಎಂಬುದಕ್ಕೂ ಇಲ್ಲೇ ಎಲ್ಲೋ ಉತ್ತರವಿದೆ. ಈ ಸಂಗೀತದ ಜೀವಾಳ ‘ಡಿಸ್ಟಾರ್ಷನ್’ ಎಂಬ ಒರಟು ನಾದ. ಆಂಪ್ಲಿಫೈಯರಿಗೆ ತಾಳಲಾಗದಷ್ಟು ಬಲ ಕೊಟ್ಟಾಗ ಅಲೆಯ ತುದಿಗಳು ಅದರ ಮಿತಿಗೆ ತಾಗಿ ಕತ್ತರಿಸಿಹೋಗುತ್ತವೆ. ದುಂಡಗಿದ್ದ ಅಲೆ ಚಪ್ಪಟೆಯಾಗಿ ಅಂಚು ಪಡೆಯುತ್ತದೆ. ಆ ಅಂಚನ್ನೇ ನಾವು ಗಿಟಾರಿನ ಗರ್ಜನೆ ಎನ್ನುತ್ತೇವೆ. ಹೊರಬೇಕಾದ್ದಕ್ಕಿಂತ ಹೆಚ್ಚು ಹೊರಿಸಿದಾಗ ಒಂದು ಉಪಕರಣ ಮಾಡುವ ಸದ್ದು ಅದು. ಅದನ್ನು ದೋಷವೆಂದು ತೆಗೆದುಹಾಕದೆ ರಾಗದ ಒಳಗೇ ಕರೆದುಕೊಂಡ ಸಂಗೀತ ಇದು. ಅಂಥದನ್ನು ಒಬ್ಬ ಯೋಧ ಆರಿಸಿಕೊಂಡರೆ ನನಗೆ ಆಶ್ಚರ್ಯವಿಲ್ಲ. ಇದೇ ಸಂಗೀತವನ್ನು ಸೇನೆ ಆಯುಧವಾಗಿಯೂ ಬಳಸಿದೆ. 1989ರ ಡಿಸೆಂಬರಿನಲ್ಲಿ ಪನಾಮಾದ ಸರ್ವಾಧಿಕಾರಿ ನೊರಿಯೇಗಾ ವ್ಯಾಟಿಕನ್ನಿನ ರಾಯಭಾರ ಕಚೇರಿಯಲ್ಲಿ ಅಡಗಿ ಕೂತಾಗ ಅಮೆರಿಕದ ಪಡೆಗಳು ಕಟ್ಟಡದ ಸುತ್ತ ಧ್ವನಿವರ್ಧಕ ನಿಲ್ಲಿಸಿ ದಿನಗಟ್ಟಲೆ ರಾಕ್ ಹಾಡು ಮೊಳಗಿಸಿದವು. 1990ರ ಜನವರಿ 3ರಂದು ಅವನು ಹೊರಬಂದು ಶರಣಾದ. ಹಾಡಿಗೆ ಇಂಥ ಕೆಲಸ ಹಚ್ಚಿದ್ದು ನನಗೆ ಇಂದಿಗೂ ಕಸಿವಿಸಿ. ಗೋಡೆಗೆ ಕಂಬಳಿ ಕಟ್ಟಿ, ಪಕ್ಕದ ಮನೆಗೂ ಕೇಳದಂತೆ ಅದೇ ಗರ್ಜನೆಯನ್ನು ಹೆಡ್‌ಫೋನಿನೊಳಗೆ ಹಿಡಿದು ಕೂತವನು ಆ ಆಯುಧವನ್ನು ಹಾಡಾಗಿ ಮರಳಿಸುತ್ತಿದ್ದಾನೆ.

ಅವನ ಕೋಣೆ ನಾವಂದುಕೊಂಡಷ್ಟು ನಿಶ್ಶಬ್ದವೂ ಅಲ್ಲ. ಗುಂಡಿನ ಸದ್ದು, ಎಂಜಿನ್ನಿನ ಸದ್ದು ಕೇಳಿ ಕೇಳಿ ಕಿವಿಯೊಳಗೆ ಬಿಡದೆ ಗುಂಯ್‌ಗುಡುವ ಕಿವಿಮೊರೆತ, ಅಮೆರಿಕದ ಮಾಜಿ ಸೈನಿಕರು ಸೇವೆಯಿಂದ ಪಡೆದು ತರುವ ಊನಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಫ್ಯಾನು ಆರಿಸಿ, ಕದ ಹಾಕಿದ ಮೇಲೆ ಅಂಥವನಿಗೆ ಕೇಳುವುದು ಅದೇ. ತಂಬೂರಿ ಮೀಟುವವರು ಯಾರೂ ಇಲ್ಲದೆ ನಡೆಯುವ ಶ್ರುತಿ. ಅವನು ಕಟ್ಟುವ ಹಾಡೆಲ್ಲ ಆ ಶ್ರುತಿಯ ಮೇಲೆಯೇ ಕೂರಬೇಕು.

ಕೋಣೆಯಲ್ಲಿರುವ ಯಂತ್ರಕ್ಕೂ ಸೈನಿಕನಿಗೂ ಹಳೆಯ ನಂಟಿದೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿದ್ದ ಜ್ಯಾಕ್ ಮಲಿನ್ ಎಂಬ ಅಮೆರಿಕನ್ ಸಿಗ್ನಲ್ ಕೋರ್ ಅಧಿಕಾರಿ ನಡುರಾತ್ರಿ ಜರ್ಮನ್ ರೇಡಿಯೊ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ವಾದ್ಯವೃಂದವೊಂದು ಎದ್ದು ಕೂತು ನುಡಿಸುತ್ತಿರಲಾರದು. ಮುದ್ರಿಸಿದ್ದು ಅನ್ನೋಣವೆಂದರೆ ಗ್ರಾಮಫೋನ್ ತಟ್ಟೆಯ ಕರಕರ ಇಲ್ಲ. ಒಗಟು ಬಿಡಿಸಿದ್ದು 1945ರಲ್ಲಿ, ಬಾಡ್ ನಾಉಹೈಮ್ ಎಂಬ ಊರಿನ ರೇಡಿಯೊ ಕೇಂದ್ರದಲ್ಲಿ. ಅಲ್ಲಿ ‘ಮ್ಯಾಗ್ನೆಟೊಫೋನ್’ ಎಂಬ ಟೇಪಿನ ಯಂತ್ರವಿತ್ತು. ಮಲಿನ್ ಅಂಥ ಎರಡು ಯಂತ್ರಗಳನ್ನು ಬಿಡಿಬಿಡಿಯಾಗಿ ಬಿಚ್ಚಿ, 50 ಸುರುಳಿ ಟೇಪಿನ ಜೊತೆ ಅಂಚೆಯಲ್ಲಿ ತಮ್ಮ ಮನೆಗೆ ಕಳಿಸಿಕೊಂಡರು. 1946ರ ಮೇ ತಿಂಗಳಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜೋಡಿಸಿ ಕೇಳಿಸಿದಾಗ ಎಂಜಿನಿಯರುಗಳಿಗೆ ಎದುರಿಗೆ ನುಡಿಸಿದ್ದು ಯಾವುದು, ಟೇಪು ಯಾವುದು ಎಂದು ಗೊತ್ತಾಗಲಿಲ್ಲವಂತೆ. ಬಿಂಗ್ ಕ್ರಾಸ್ಬಿ ಎಂಬ ಗಾಯಕ ಹಣ ಹಾಕಿದರು, ಆಂಪೆಕ್ಸ್ ಕಂಪನಿಯ ಯಂತ್ರ ಬಂತು, ಅದರಲ್ಲೊಂದು ಲೆಸ್ ಪಾಲ್ ಎಂಬ ಗಿಟಾರ್ ವಾದಕರ ಮನೆ ಸೇರಿತು. ಯುದ್ಧಕಾಲದಲ್ಲಿ ಸೇನೆಯ ರೇಡಿಯೊದಲ್ಲಿ ದುಡಿದಿದ್ದ ಲೆಸ್ ಪಾಲ್, ಮನೆಯ ಗ್ಯಾರೇಜಿನಲ್ಲಿ ಒಬ್ಬರೇ ಕೂತು ತಮ್ಮ ಗಿಟಾರಿನ ಮೇಲೆ ತಮ್ಮದೇ ಗಿಟಾರನ್ನು ಪದರ ಪದರವಾಗಿ ಹಾಸುವ ವಿದ್ಯೆಗೆ ಆಗಲೇ ಬಿದ್ದಿದ್ದವರು. ಇವತ್ತು ಒಬ್ಬನೇ ಮನೆಯಲ್ಲಿ ಕೂತು ನಾಲ್ವರಾಗಬಹುದು ಎಂದರೆ ಅದರ ಮೂಲದಲ್ಲಿ ಯುದ್ಧದಿಂದ ಮನೆಗೆ ಬಂದ ಆ ಪಾರ್ಸಲ್ಲುಗಳಿವೆ.

ಪದರ ಹಾಸುವ ಈ ಕೆಲಸವನ್ನು ಕೊಂಚ ಹತ್ತಿರದಿಂದ ನೋಡಬೇಕು. ಮೊದಲು ಒಂದು ಟ್ರ್ಯಾಕಿನಲ್ಲಿ ಗಿಟಾರು ನುಡಿಸಿ ಮುದ್ರಿಸುತ್ತಾನೆ. ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತಾ ಎರಡನೆಯದರಲ್ಲಿ ಬೇಸು. ಎರಡನ್ನೂ ಕೇಳುತ್ತಾ ಮೂರನೆಯದು. ಕೊನೆಯದನ್ನು ನುಡಿಸುವವನಿಗೆ ಸುತ್ತಲೂ ಜನವಿದ್ದಾರೆ. ಒಂದು ಗಂಟೆ ಹಿಂದಿನ ತಾನೇ ಆ ಜನ. ಆದರೆ ಮೊದಲನೆಯದನ್ನು ನುಡಿಸುವಾಗ ಯಾರೂ ಇರುವುದಿಲ್ಲ. ಡ್ರಮ್ಮು ಎಲ್ಲಿ ಗುಡುಗುತ್ತದೆ, ಬೇಸು ಎಲ್ಲಿ ತುಂಬಿಕೊಳ್ಳುತ್ತದೆ ಎಂದು ಮನಸ್ಸಿನಲ್ಲೇ ಕೇಳಿಸಿಕೊಂಡು, ಅವರಿಗೆ ಜಾಗ ಬಿಟ್ಟು, ಅವರು ಬಂದೇ ಬರುತ್ತಾರೆಂಬ ನಂಬಿಕೆಯಲ್ಲಿ ನುಡಿಸಬೇಕು. ಬರಿಯ ಆ ಒಂದು ಟ್ರ್ಯಾಕನ್ನು ಬೇರೆಯಾಗಿ ಕೇಳಿದರೆ ವಿಚಿತ್ರ ಅನ್ನಿಸುತ್ತದೆ. ಯಾರ ಜೊತೆಗೋ ಮಾತಾಡುತ್ತಾ, ಉತ್ತರಕ್ಕೆ ಅಲ್ಲಲ್ಲಿ ನಿಲ್ಲುತ್ತಾ, ಉತ್ತರ ಬಂದಿತೆಂದುಕೊಂಡು ಮುಂದುವರಿಯುವವನ ಹಾಗೆ.

ಸೈನಿಕನಿಗೆ ಈ ಅಭ್ಯಾಸ ಹೊಸದಲ್ಲ. ಕತ್ತಲಲ್ಲಿ ಎಡಗಡೆಯವನು ಕಾಣದಿದ್ದರೂ ಅವನು ತನ್ನ ಜಾಗದಲ್ಲಿ ಇದ್ದಾನೆಂದೇ ನಂಬಿ ತನ್ನ ಜಾಗ ಕಾಯುವುದು ಅವನ ಕಸುಬು. ಆ ಎಡಗಡೆಯವನು ಇಲ್ಲವಾದ ಮೇಲೂ ಮೈ ಆ ಕಡೆ ಜಾಗ ಬಿಟ್ಟೇ ನಿಲ್ಲುತ್ತದೆ. ಅವನು ಒಬ್ಬನೇ ಯಾಕೆ ಎಂದು ಕೇಳಿದೆನಲ್ಲ, ಆ ಪ್ರಶ್ನೆ ಇಲ್ಲಿಗೆ ಬಂದಾಗ ಸ್ವಲ್ಪ ಅಲುಗಾಡುತ್ತದೆ. ಬ್ಯಾಂಡು ಕಟ್ಟಿದರೆ ಆ ಜಾಗಗಳಿಗೆ ಹೊಸಬರು ಬಂದು ಕೂರುತ್ತಾರೆ. ಒಬ್ಬನೇ ಇದ್ದರೆ ಆ ಜಾಗ ಅವರದಾಗಿಯೇ ಉಳಿಯುತ್ತದೆ.

ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಇಪ್ಪತ್ತಕ್ಕೂ ಮುಂಚೆ ಸೈನಿಕನಾಗಿದ್ದವನು. ಕದ್ದ ಕಾರಿನಲ್ಲಿ ಸಿಕ್ಕಿಬಿದ್ದಾಗ ಜೈಲೋ ಸೇನೆಯೋ ಎಂಬ ಆಯ್ಕೆ ಎದುರಾಯಿತು. 1961ರ ಮೇ 31ರಂದು ಸೇರಿದ. ಕೆಂಟಕಿ–ಟೆನೆಸ್ಸಿ ಗಡಿಯ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿ 101ನೇ ಏರ್‌ಬೋರ್ನ್ ಡಿವಿಷನ್ನಿನ ಪ್ಯಾರಾಚೂಟ್ ಪಡೆ. ಅಪ್ಪನಿಗೆ ಕಾಗದ ಬರೆದು ಗಿಟಾರು ತರಿಸಿಕೊಂಡ. ಕರ್ತವ್ಯದ ಹೊತ್ತಿನಲ್ಲೂ ಇವನ ತಲೆ ಗಿಟಾರಿನಲ್ಲೇ ಇರುತ್ತದೆಂದು ಮೇಲಿನವರು ವರದಿ ಬರೆದರು. ಒಂದು ಮಳೆಯ ದಿನ ಬಿಲ್ಲಿ ಕಾಕ್ಸ್ ಎಂಬ ಇನ್ನೊಬ್ಬ ಸೈನಿಕ ಮಳೆಗೆ ಮರೆಯಾಗಿ ಕ್ಲಬ್ಬಿನ ಕಟ್ಟಡದ ಬಳಿ ನಿಂತಾಗ ಕಿಟಕಿಯೊಳಗಿಂದ ಯಾರೋ ಒಬ್ಬನೇ ನುಡಿಸುತ್ತಿದ್ದ ಗಿಟಾರು ಕೇಳಿತು. ಒಳಗೆ ಹೋಗಿ, ತಾನು ಬೇಸ್ ನುಡಿಸುತ್ತೇನೆಂದ. 1962ರಲ್ಲಿ ಹೆಂಡ್ರಿಕ್ಸ್ ಸೇನೆ ಬಿಟ್ಟ. ಸುಮಾರು ಏಳೂವರೆ ವರ್ಷದ ಮೇಲೆ, 1970ರ ಹೊಸವರ್ಷದ ದಿನ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗದ ಮೇಲೆ ‘ಮಷೀನ್ ಗನ್’ ಎಂಬ ಹಾಡು ನುಡಿಸಿದಾಗ ಪಕ್ಕದಲ್ಲಿ ಬೇಸ್ ಹಿಡಿದು ನಿಂತಿದ್ದವನು ಅದೇ ಕಾಕ್ಸ್. ಆ ಹನ್ನೆರಡು ನಿಮಿಷದಲ್ಲಿ ಗಿಟಾರು ಗುಂಡು ಹಾರಿಸುತ್ತದೆ, ಗುಂಡು ತಿಂದವರ ಹಾಗೆ ಚೀರುತ್ತದೆ. ಎರಡೂ ಒಂದೇ ಕೈಯಿಂದ.

ಅಷ್ಟು ದೊಡ್ಡ ಸಭೆಯನ್ನು ನಡುಗಿಸಬಲ್ಲವನು ಅದೇ 1970ರ ಮೊದಲ ತಿಂಗಳುಗಳಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್‌ನ ತನ್ನ ಮನೆಯಲ್ಲಿ ಒಬ್ಬನೇ ಕೂತು ಕ್ಯಾಸೆಟ್ಟಿನಲ್ಲಿ ಹಾಡು ಮುದ್ರಿಸಿದ. ತನ್ನ ಬದುಕಿನ ಕತೆಯಂಥ ಒಂದು ಹಾಡುಮಾಲೆ. ‘ಬ್ಲ್ಯಾಕ್ ಗೋಲ್ಡ್’ ಎಂದು ಅದರ ಹೆಸರು. ಗಿಟಾರು ಮತ್ತು ದನಿ, ಅಷ್ಟೇ. ಆ ಕ್ಯಾಸೆಟ್ಟುಗಳನ್ನು ತನ್ನ ಡ್ರಮ್ ವಾದಕ ಮಿಚ್ ಮಿಚೆಲ್‌ಗೆ ಕೊಟ್ಟ. ಸೆಪ್ಟೆಂಬರ್ 18ರಂದು ತೀರಿಕೊಂಡ. ಡ್ರಮ್ಮಿಗೆಂದು ಬಿಟ್ಟ ಜಾಗ ತುಂಬಲೇ ಇಲ್ಲ. ಮಿಚೆಲ್ ಬಳಿ ಅವು ಸುಮಾರು ಎರಡು ದಶಕ ಹಾಗೇ ಇದ್ದವು. ಬಹುಭಾಗ ಲೋಕದ ಕಿವಿಗೆ ಇನ್ನೂ ಬಿದ್ದಿಲ್ಲ. ಬೀಳಲಿ ಎಂದು ಹಂಬಲಿಸುವವರು ಸಾವಿರಾರು. ನನಗೆ ಯಾಕೋ ಅವಸರವಿಲ್ಲ. ಅದು ಡ್ರಮ್ ನುಡಿಸುವ ಗೆಳೆಯನೊಬ್ಬನಿಗೆ ಬರೆದ ಕಾಗದ, ಅವನಿಗೆ ತಲುಪಿದೆ.

ಇದರ ತಿರುವುಮುರುವು ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಕತೆ. ಅವರು ಸೈನಿಕರಲ್ಲ. ವಿಯೆಟ್ನಾಮಿಗೆ ಕರೆ ಬಂದಾಗ ದೇಹಪರೀಕ್ಷೆಯಲ್ಲಿ ಅನರ್ಹರಾದರು. ಅವರ ಹುಡುಗಾಟದ ದಿನಗಳ ಬ್ಯಾಂಡಿನ ಡ್ರಮ್ಮರ್ ಬಾರ್ಟ್ ಹೇನ್ಸ್ ಹೋದ. 1967ರಲ್ಲಿ ಅಲ್ಲೇ ಸತ್ತ. ಉಳಿದವರ ಎದೆಯಲ್ಲಿ ಆ ಲೆಕ್ಕ ತೀರದೆ ಉಳಿಯಿತು. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಕೋಲ್ಟ್ಸ್ ನೆಕ್‌ನ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ಅವರು ನಾಲ್ಕು ಟ್ರ್ಯಾಕಿನ ಟೀಆಕ್ ಕ್ಯಾಸೆಟ್ ಯಂತ್ರದ ಮುಂದೆ ಕೂತರು. ಜೊತೆಗಿದ್ದವನು ಗಿಟಾರು ನೋಡಿಕೊಳ್ಳುವ ಸಹಾಯಕ ಒಬ್ಬನೇ. ಬ್ಯಾಂಡಿಗೆ ಕಲಿಸಲೆಂದು ಮಾಡಿದ ಕರಡು ಅದು. ಆಮೇಲೆ ಸ್ಟುಡಿಯೊದಲ್ಲಿ ಬ್ಯಾಂಡು ಏನೆಲ್ಲ ಮಾಡಿದರೂ ಕೋಣೆಯ ಆ ಕತ್ತಲು ಮತ್ತೆ ಸಿಗಲಿಲ್ಲ. ಕೊನೆಗೆ ಜೇಬಿನಲ್ಲಿ ಹಾಗೇ ಇಟ್ಟುಕೊಂಡು ತಿರುಗುತ್ತಿದ್ದ ಕ್ಯಾಸೆಟ್ಟನ್ನೇ ‘ನೆಬ್ರಾಸ್ಕ’ ಎಂದು ಹೊರತಂದರು.

ಅದೇ ಕೋಣೆಯಲ್ಲಿ ಮುದ್ರಿಸಿ, ಆ ಆಲ್ಬಮ್ಮಿನಿಂದ ಹೊರಗುಳಿದ ಒಂದು ಹಾಡು ‘ಬಾರ್ನ್ ಇನ್ ದಿ ಯುಎಸ್ಎ’. ವಿಯೆಟ್ನಾಮಿನಿಂದ ಮರಳಿ ಊರಲ್ಲಿ ಕೆಲಸವೂ ಸಿಗದೆ ನಿಂತ ಸೈನಿಕನ ಹಾಡು. ಕೋಣೆಯಲ್ಲಿ ಅದು ತಗ್ಗಿದ ದನಿಯ, ಹಲ್ಲು ಕಚ್ಚಿ ಹೇಳಿದ ಮಾತು. 1984ರಲ್ಲಿ ಬ್ಯಾಂಡಿನೊಂದಿಗೆ ಬಂದಾಗ ಫಿರಂಗಿಯಂಥ ಡ್ರಮ್ಮು ಸೇರಿ ಊರೆಲ್ಲ ಮುಷ್ಟಿ ಎತ್ತಿ ಹಾಡುವ ಜಯಘೋಷವಾಯಿತು. ಅದೇ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ರೇಗನ್ ತಮ್ಮ ಚುನಾವಣಾ ಭಾಷಣದಲ್ಲಿ ಈ ಗಾಯಕನ ಹೆಸರೆತ್ತಿ ದೇಶದ ಭರವಸೆಯ ಮಾತಾಡಿದರು. ಪದಗಳು ಹೆಚ್ಚುಕಡಿಮೆ ಅವೇ. ಹೆಜ್ಜೆ ಕೂಡಿದ್ದೇ ಸೈನಿಕನ ದನಿ ಕೇಳಿಸದೆ ಹೋಯಿತು. ಕೋಣೆಯ ಹಾಡನ್ನು ಜನ ಕೇಳಿದ್ದು 1998ರಲ್ಲಿ. ಎರಡನ್ನೂ ಒಂದರ ಪಕ್ಕ ಒಂದಿಟ್ಟು ಕೇಳಿ. ನಾನು ಇಲ್ಲಿ ಹೇಳಲು ಹೆಣಗುತ್ತಿರುವುದು ಅಷ್ಟರಲ್ಲೇ ಇದೆ.

ಸೈನಿಕನ ಮಾತನ್ನು ಬೇರೆಯವರೇ ಆಡಿಬಿಡುವುದು ನಮ್ಮಲ್ಲೂ ಹಳೆಯದೇ. ಕನ್ನಡ ನಾಡಿನ ಊರೂರಿನಲ್ಲಿ ವೀರಗಲ್ಲುಗಳಿವೆ. ಬೆಂಗಳೂರೆಂಬ ಹೆಸರು ಮೊದಲು ಕಾಣುವುದೂ ಬೇಗೂರಿನ ಒಂದು ವೀರಗಲ್ಲಿನಲ್ಲಿ, ಸುಮಾರು 890ರಲ್ಲಿ, ಬೆಂಗಳೂರಿನಲ್ಲಿ ನಡೆದ ಕಾಳಗದಲ್ಲಿ ಸತ್ತವನ ನೆನಪಿಗೆ. ಸಾಮಾನ್ಯವಾಗಿ ಮೂರು ಪಟ್ಟಿಕೆ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ಕೈಹಿಡಿದು ಒಯ್ಯುವುದು, ಮೇಲೆ ಶಿವಸನ್ನಿಧಿ. ಊರಿನ ಕೃತಜ್ಞತೆ ಆ ಕಲ್ಲಿನಲ್ಲಿದೆ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಮೂರು ಪಟ್ಟಿಕೆಗಳಲ್ಲಿ ಒಂದರಲ್ಲೂ ಅವನು ಬಾಯಿ ಬಿಟ್ಟಿಲ್ಲ. ಕಾಳಗದ ಹಿಂದಿನ ರಾತ್ರಿ ಅವನಿಗೆ ಏನನ್ನಿಸಿತು, ಬದುಕಿ ಬಂದಿದ್ದರೆ ಏನು ಹೇಳುತ್ತಿದ್ದ, ಕಲ್ಲಿಗೆ ಗೊತ್ತಿಲ್ಲ.

ಪಂಪನಿಗೆ ಗೊತ್ತಿತ್ತು. ಕವಿಯೂ ಕಲಿಯೂ ಎನಿಸಿಕೊಂಡವನು ಅವನು. ಅರಿಕೇಸರಿಯ ಆಸ್ಥಾನದಲ್ಲಿ ಕತ್ತಿಯನ್ನೂ ಲೇಖನಿಯನ್ನೂ ಹಿಡಿದವನು. ದೊರೆಯನ್ನು ಅರ್ಜುನನೊಂದಿಗೆ ಸಮೀಕರಿಸಿ ಭಾರತ ಬರೆಯುವುದು ಅವನು ಒಪ್ಪಿಕೊಂಡ ಕೆಲಸ. ಆ ಕೆಲಸವನ್ನು ಅವನು ಚೆನ್ನಾಗಿಯೇ ಮಾಡಿದ. ಆದರೂ ಸಾವಿರ ವರ್ಷದ ಮೇಲೆ ಕನ್ನಡಿಗರ ನಾಲಗೆಯ ಮೇಲೆ ಉಳಿದಿರುವುದು ಯುದ್ಧದ ವರ್ಣನೆಗಿಂತ ಹೆಚ್ಚಾಗಿ ಬನವಾಸಿಯ ಹಂಬಲ, ಆಮೇಲೆ ಕರ್ಣನಿಗಾಗಿ ಮಿಡಿದ ಎದೆ. ದೂರದಲ್ಲಿ ಅಲೆಯುವ ಯೋಧನಿಗೆ ಊರಿನ ಗಾಳಿ, ಮಲ್ಲಿಗೆ, ಹಾಡು ನೆನಪಾಗುವುದು. ಎದುರು ಪಕ್ಷದಲ್ಲಿ ನಿಂತವನ ಋಣ ತೀರಿಸುವ ನಿಷ್ಠೆ ಮನಸ್ಸಿಗೆ ನಾಟುವುದು. ಇವನ್ನು ದೊರೆ ಕೇಳಿರಲಿಲ್ಲ. ಮೆರವಣಿಗೆಯ ಲಯದ ನಡುವೆ ಪಂಪ ತನ್ನ ಒಂದು ಟ್ರ್ಯಾಕನ್ನು ಬೇರೆಯಾಗಿ ಮುದ್ರಿಸಿಟ್ಟಿದ್ದಾನೆ ಎಂದು ನನಗೆ ಈಗೀಗ ಅನ್ನಿಸುತ್ತದೆ.

ಹಾಸನದ ಕಡೆಯ ಆ ಕೋಣೆಗೆ ಮರಳುತ್ತೇನೆ. ಹೆಡ್‌ಫೋನಿನಲ್ಲಿ ಲಯ ತೋರಿಸುವ ಕ್ಲಿಕ್ ಶುರುವಾಗಿದೆ. ಟಕ್ ಟಕ್ ಟಕ್ ಟಕ್. ಇದೂ ಒಬ್ಬ ಉಸ್ತಾದ್. ಇದನ್ನು ಬಿಟ್ಟು ನುಡಿಸಿದರೆ ನಾಳೆ ತನ್ನ ಬೇಸು ತನ್ನ ಗಿಟಾರಿನ ಜೊತೆ ಕೂಡುವುದಿಲ್ಲ, ನಾಲ್ವರೂ ನಾಲ್ಕು ದಿಕ್ಕಿಗೆ ಹೋಗುತ್ತಾರೆ. ಹಿಡಿದು ನುಡಿಸಿದರೆ ಹಾಡು ಅವನನ್ನು ಮೈದಾನಕ್ಕೆ ಒಯ್ಯುತ್ತದೆ. ಅಂಕಿಯನ್ನು 96ಕ್ಕೆ ಇಳಿಸುತ್ತಾನೆ, 88ಕ್ಕೆ ತರುತ್ತಾನೆ. ಯಾವುದೂ ಅವನ ಉಸಿರಿಗೆ ಹೊಂದುವುದಿಲ್ಲ. ಕೊನೆಗೆ ಕ್ಲಿಕ್ಕನ್ನೇ ಆರಿಸುತ್ತಾನೆ.

ಮುದ್ರಿಸುವ ಕೆಂಪು ಗುಂಡಿ ಒತ್ತಿ ನುಡಿಸುತ್ತಾನೆ. ಮೊದಲ ಚರಣ ನೆಟ್ಟಗಿದೆ. ಎರಡನೆಯದರಲ್ಲಿ, ಒಬ್ಬನ ಹೆಸರು ಬರುವ ಕಡೆ, ಲಯ ಓಡುತ್ತದೆ. ಅದಾದ ಮೇಲೆ ಒಂದು ಸಾಲಿನಷ್ಟು ಹೊತ್ತು ಕೈ ನಿಂತೇಬಿಡುತ್ತದೆ. ಹೊರಗೆ ನಾಯಿ ಬೊಗಳಿದ್ದು, ಅಡುಗೆಮನೆಯಲ್ಲಿ ಕುಕ್ಕರು ಕೂಗಿದ್ದು ಟೇಕಿನೊಳಗೆ ಸೇರುತ್ತವೆ. ಮತ್ತೆ ಹಿಡಿಯುತ್ತಾನೆ, ಮೊದಲಿಗಿಂತ ನಿಧಾನವಾಗಿ.

ಹಿಂದಕ್ಕೆ ಹೋಗಿ ಕೇಳುತ್ತಾನೆ. ತಪ್ಪಿದ್ದು ಎಲ್ಲೆಂದು ಪರದೆಯ ಮೇಲೆ ಅಲೆಯಲ್ಲೇ ಕಾಣುತ್ತದೆ, ಕತ್ತರಿಸಿ ಸರಿಪಡಿಸಲು ಎರಡು ನಿಮಿಷ ಸಾಕು. ಇನ್ನೊಮ್ಮೆ ಕೇಳುತ್ತಾನೆ. ಕದದ ಆಚೆಯಿಂದ ಅಮ್ಮ ಕರೆಯುತ್ತಾಳೆ, “ಸಾರು ಆರೋಯ್ತದೆ, ಬಾರೋ ಮಗ.” ಬಂದೆ ಎನ್ನುತ್ತಾನೆ. ಕತ್ತರಿಸದೆ ಹಾಗೇ ಉಳಿಸಿ, ಹೆಡ್‌ಫೋನು ತೆಗೆದು, ಫ್ಯಾನು ಹಾಕುತ್ತಾನೆ.